ಪರದೆ ಕಪ್ಪಾದ ಮಾತ್ರಕ್ಕೆ ಫಾರ್ಮ್ಯಾಟ್ ಬೇಡ: ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ದೋಷ ಹುಡುಕುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಲಿನಕ್ಸ್ ಓಡುವ ಯಂತ್ರಗಳು ಹೆಚ್ಚಾಗಿ ಎರಡು ಬಗೆ. ಒಂದು, ಯಾವುದೋ ಕಚೇರಿಯಿಂದ ಹೊರಬಿದ್ದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಹಳೇ ಡೆಸ್ಕ್‌ಟಾಪ್. ಇನ್ನೊಂದು, ಎಂಜಿನಿಯರಿಂಗ್ ಓದುವ ಮಕ್ಕಳ ಕೈಯಲ್ಲಿರುವ ಎನ್‌ವಿಡಿಯಾ ಕಾರ್ಡಿನ ಲ್ಯಾಪ್‌ಟಾಪ್. ಎರಡರಿಂದಲೂ ಬರುವ ದೂರು ಒಂದೇ: ‘ಅಪ್‌ಡೇಟ್ ಮಾಡಿದ ಮ್ಯಾಲ ಸ್ಕ್ರೀನ್ ಕರ್ರಗ ಆಗ್ಯಾದ್ರಿ.’ ಸಿಗುವ ಪರಿಹಾರವೂ ಒಂದೇ: ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕುವುದು. ಹಾಗೆ ಮಾಡಿದಾಗ ಫೋಟೋ, ಪ್ರಾಜೆಕ್ಟ್ ಫೈಲು, ಅಂಗಡಿಯ ಲೆಕ್ಕ ಎಲ್ಲ ಹೋಗುತ್ತವೆ. ಕಾರಣ ಮಾತ್ರ ಹಾಗೇ ಉಳಿದು, ಮುಂದಿನ ಅಪ್‌ಡೇಟ್ ಹೊತ್ತಿಗೆ ಮತ್ತೆ ಎದುರಾಗುತ್ತದೆ.

ಡ್ರೈವರ್ ಎಂದು ನಾವು ಕರೆಯುವುದು ಒಂದೇ ಫೈಲಲ್ಲ. ಲಿನಕ್ಸ್‌ನಲ್ಲಿ ಚಿತ್ರ ಪರದೆಗೆ ಬರಬೇಕಾದರೆ ನಾಲ್ಕು ಪದರಗಳು ಒಂದರ ಮೇಲೊಂದು ಕೆಲಸ ಮಾಡಬೇಕು. ತಳದಲ್ಲಿ ಕರ್ನಲ್ ಮಾಡ್ಯೂಲ್, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕಾರ್ಡನ್ನು ನಡೆಸಲು ಕಲಿಸುವ ತುಂಡು: ಇಂಟೆಲ್‌ಗೆ ಐ915 ಅಥವಾ ಹೊಸ ಚಿಪ್‌ಗಳಿಗೆ ಎಕ್ಸ್‌ಇ, ಎಎಂಡಿಗೆ ಎಎಂಡಿಜಿಪಿಯು ಅಥವಾ ಹಳೆಯವಕ್ಕೆ ರೇಡಿಯನ್, ಎನ್‌ವಿಡಿಯಾಗೆ ಮುಕ್ತ ತಂತ್ರಾಂಶವಾದ ನೂವೋ ಅಥವಾ ಕಂಪನಿಯದೇ ಮಾಡ್ಯೂಲ್. ಅದರ ಜೊತೆಗೆ ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೆ ಏರಿಸಬೇಕಾದ ಸಣ್ಣ ಫೈಲುಗಳು. ಅದರ ಮೇಲೆ, ಪ್ರೋಗ್ರಾಂಗಳ ಚಿತ್ರದ ಕೆಲಸವನ್ನು ಚಿಪ್ಪಿಗೆ ಒಪ್ಪಿಸುವ ಮೆಸಾ ಎಂಬ ಲೈಬ್ರರಿ. ಎನ್‌ವಿಡಿಯಾ ಡ್ರೈವರ್ ಹಾಕಿದ್ದರೆ ಆ ಕಂಪನಿಯ ಲೈಬ್ರರಿಗಳು. ಎಲ್ಲಕ್ಕಿಂತ ಮೇಲೆ ಎಕ್ಸ್‌ಆರ್ಗ್ ಅಥವಾ ವೇಲ್ಯಾಂಡ್, ಕಿಟಕಿಗಳನ್ನು ಜೋಡಿಸಿ ತೋರಿಸುವ ಪದರ.

ಯಾವುದು ಕೈಕೊಟ್ಟಿದೆ ಎಂಬುದನ್ನು ಲಕ್ಷಣವೇ ಬಹುಮಟ್ಟಿಗೆ ಹೇಳುತ್ತದೆ. ಯಂತ್ರ ಹಚ್ಚಿದಾಗ ಕರ್ನಲ್ ಆರಿಸಲು ಬರುವ ಗ್ರಬ್ ಮೆನು ಆದ ಕೂಡಲೇ ಕಪ್ಪಾದರೆ ಕರ್ನಲ್ ಮಾಡ್ಯೂಲ್ ಅಥವಾ ಫರ್ಮ್‌ವೇರ್. ಡೆಸ್ಕ್‌ಟಾಪ್ ಬಂದಿದೆ, ಆದರೆ ವಿಡಿಯೊ ತಡವರಿಸುತ್ತದೆ, ಫ್ಯಾನ್ ಕಿರುಚುತ್ತದೆ ಎಂದರೆ ಮೂರನೆಯ ಪದರ. ಪಾಸ್‌ವರ್ಡ್ ಕೊಟ್ಟರೆ ಒಂದು ಕ್ಷಣ ಮಿಂಚಿ ಮತ್ತೆ ಲಾಗಿನ್ ಪರದೆಗೇ ಬಂದು ನಿಂತರೆ ನಾಲ್ಕನೆಯದು, ಅಥವಾ ಡ್ರೈವರ್‌ಗೆ ಸಂಬಂಧವೇ ಇಲ್ಲದ ಬೇರೆ ಕಾರಣ.

ಮುಂದೆ ಬರುವ ಆಜ್ಞೆಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ.

ಯಂತ್ರ ಬದುಕಿದೆಯೇ?

ಪರದೆ ಕಪ್ಪಗಿದ್ದಾಗ ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರಿದರೆ ಕರ್ನಲ್ ಓಡುತ್ತಿದೆ, ಚಿತ್ರ ಮಾತ್ರ ಬರುತ್ತಿಲ್ಲ. ದೀಪ ತಾನಾಗಿಯೇ ಮಿಟುಕುತ್ತಿದ್ದರೆ ಕರ್ನಲ್ಲೇ ಬಿದ್ದಿದೆ. ಬದುಕಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಬರಿ ಅಕ್ಷರದ ಲಾಗಿನ್ ಬಂದರೆ ಅರ್ಧ ಕೆಲಸ ಮುಗಿದಂತೆ. ಎಲ್ಲ ರಿಪೇರಿಯನ್ನೂ ಅಲ್ಲಿಂದಲೇ ಮಾಡಬಹುದು. ಇಂಟರ್‌ನೆಟ್ ಬೇಕೆಂದರೆ ಮೊಬೈಲ್ ಅನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಚ್ಚಿ. ಸಾಮಾನ್ಯವಾಗಿ ತಾನಾಗಿಯೇ ಸಂಪರ್ಕ ಸಿಗುತ್ತದೆ. ವೈಫೈ ಬೇಕಾದರೆ ‘ಎನ್‌ಎಂಟಿಯುಐ’ ಎಂದು ಟೈಪ್ ಮಾಡಿದರೆ ಮೆನು ಬರುತ್ತದೆ. ಎನ್‌ವಿಡಿಯಾ ಡ್ರೈವರ್ ಡೌನ್‌ಲೋಡ್ ಕೆಲವು ನೂರು ಎಂಬಿ ಇರುತ್ತದೆ, ದಿನದ ಡೇಟಾ ಎಷ್ಟು ಉಳಿದಿದೆ ಎಂದು ನೋಡಿಕೊಂಡೇ ಶುರು ಮಾಡಿ.

ಆ ಪರದೆಯೂ ಬರದಿದ್ದರೆ ಪವರ್ ಬಟನ್ ಅದುಮಿ ಹಿಡಿಯುವ ಮೊದಲು ಇನ್ನೊಂದು ದಾರಿಯಿದೆ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದುಕೊಂಡು ಎಸ್, ಯು, ಬಿ ಅಕ್ಷರಗಳನ್ನು ಒಂದೆರಡು ಸೆಕೆಂಡ್ ಬಿಟ್ಟು ಬಿಟ್ಟು ಒತ್ತಿ. ಡಿಸ್ಕಿಗೆ ಬರೆಯಬೇಕಾದ್ದನ್ನು ಬರೆದು, ಅದನ್ನು ಭದ್ರ ಮಾಡಿ, ಯಂತ್ರ ರೀಬೂಟ್ ಆಗುತ್ತದೆ.

ನೋಮೋಡ್‌ಸೆಟ್: ಊರುಗೋಲು, ಕಾಲಲ್ಲ

ರೀಬೂಟ್ ಆಗುವಾಗ ಗ್ರಬ್ ಮೆನು ಹಿಡಿಯಬೇಕು. ಹಳೇ ಬಯೋಸ್ ಯಂತ್ರವಾದರೆ ಶಿಫ್ಟ್ ಒತ್ತಿ ಹಿಡಿಯಿರಿ. ಬಯೋಸ್ ಬದಲು ಯುಇಎಫ್‌ಐ ಇರುವ ಹೊಸ ಯಂತ್ರವಾದರೆ ಕಂಪನಿ ಲೋಗೊ ಹೋದ ಕೂಡಲೇ ಎಸ್ಕೇಪ್ ಒಂದೇ ಸಲ ಒತ್ತಿ. ಹೆಚ್ಚು ಸಲ ಒತ್ತಿದರೆ ಗ್ರಬ್‌ನ ಆಜ್ಞಾ ಪರದೆಗೆ ಬೀಳುತ್ತೀರಿ, ಆಗ ‘ರೀಬೂಟ್’ ಎಂದು ಟೈಪ್ ಮಾಡಿ ಮತ್ತೆ ಬನ್ನಿ.

ಮೆನು ಸಿಕ್ಕ ಮೇಲೆ ಮೊದಲ ಪರೀಕ್ಷೆ ಹಳೇ ಕರ್ನಲ್. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ, ಪಟ್ಟಿಯಲ್ಲಿ ಕೆಳಗಿರುವ ಹಿಂದಿನ ಕರ್ನಲ್ ಆರಿಸಿ. ಹೆಸರಿನಲ್ಲಿ ರಿಕವರಿ ಎಂದಿರುವುದನ್ನಲ್ಲ. ಅದರಲ್ಲಿ ಎಲ್ಲ ಸರಿಯಾಗಿ ಬಂದರೆ ನಿಮ್ಮ ಕಾರ್ಡ್, ಕೇಬಲ್, ಮೆಸಾ, ಸೆಟ್ಟಿಂಗ್ ಎಲ್ಲವೂ ಸರಿ ಇವೆ ಎಂದರ್ಥ. ಹೊಸ ಕರ್ನಲ್‌ಗೆ ಮಾಡ್ಯೂಲ್ ತಯಾರಾಗಿಲ್ಲ ಅಥವಾ ಹೊಂದುತ್ತಿಲ್ಲ, ಅಷ್ಟೇ. ಒಂದು ನಿಮಿಷದ ಈ ಪರೀಕ್ಷೆ ಮುಕ್ಕಾಲು ಗೊಂದಲ ಕಳೆಯುತ್ತದೆ, ಆದರೆ ಮಾಡುವವರು ಕಡಿಮೆ.

ಹಳೇ ಕರ್ನಲ್ಲೂ ಕೈಕೊಟ್ಟರೆ, ಮೊದಲ ಸಾಲಿನ ಮೇಲೆ ನಿಂತು ಇ ಅಕ್ಷರ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಉದ್ದ ಸಾಲಿನ ಕೊನೆಯಲ್ಲಿ ‘ಕ್ವಯಟ್ ಸ್ಪ್ಲಾಶ್’ ಎಂದಿರುತ್ತದೆ. ಒಂದು ಜಾಗ ಬಿಟ್ಟು ‘ನೋಮೋಡ್‌ಸೆಟ್’ ಎಂದು ಒಂದೇ ಪದವಾಗಿ ಸೇರಿಸಿ ಎಫ್10 ಒತ್ತಿ. ಕರ್ನಲ್ ಆಗ ಇಂಟೆಲ್, ಎಎಂಡಿ, ನೂವೋ ಮಾಡ್ಯೂಲ್‌ಗಳನ್ನು ಬದಿಗಿಟ್ಟು, ಬಯೋಸ್ ಕೊಟ್ಟ ಸಾದಾ ಚಿತ್ರದಲ್ಲೇ ಮುಂದುವರಿಯುತ್ತದೆ. ಅಕ್ಷರಗಳು ದೊಡ್ಡದಾಗಿ, ಮಸುಕಾಗಿ ಕಾಣಬಹುದು, ಅದು ನಿರೀಕ್ಷಿತವೇ. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ.

ಇದನ್ನೇ ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಕಾಯಂ ಆಗಿ ಬರೆದು ‘ಸರಿ ಆಯ್ತು’ ಎಂದು ಕೊಟ್ಟು ಕಳಿಸಿದ ಯಂತ್ರಗಳು ಬೇಕಾದಷ್ಟು ಸಿಗುತ್ತವೆ. ಅದು ರಿಪೇರಿಯಲ್ಲ. ಗ್ರಾಫಿಕ್ಸ್ ಚಿಪ್ ಸುಮ್ಮನೆ ಕೂತು, ಚಿತ್ರದ ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಬೆಳಕು ಕಡಿಮೆ ಹೆಚ್ಚು ಮಾಡಲು ಬರುವುದಿಲ್ಲ, ಸಸ್ಪೆಂಡ್ ಆದರೆ ಎಚ್ಚರಗೊಳ್ಳುವುದಿಲ್ಲ, ಎರಡನೆಯ ಮಾನಿಟರ್ ಕಾಣುವುದಿಲ್ಲ. ನಿಮ್ಮ ಯಂತ್ರದಲ್ಲಿ ಹೀಗಾಗಿದೆಯೇ ಎಂದು ನೋಡಲು ಮೆಸಾ-ಯುಟಿಲ್ಸ್ ಪ್ಯಾಕೇಜ್ ಹಾಕಿ ‘ಜಿಎಲ್‌ಎಕ್ಸ್‌ಇನ್ಫೋ -ಬಿ’ ಕೊಡಿ. ಇಲ್ಲಿ ಬಿ ದೊಡ್ಡಕ್ಷರ. ರೆಂಡರರ್ ಎಂಬ ಸಾಲಿನಲ್ಲಿ ಕಾರ್ಡಿನ ಹೆಸರಿನ ಬದಲು ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ ಚಿತ್ರ ಬಿಡಿಸುತ್ತಿರುವುದು ಪ್ರೊಸೆಸರ್.

ಸಾಕ್ಷಿ ಓದುವುದು

ಹೇಗಾದರೂ ಒಳಗೆ ಬಂದ ಮೇಲೆ ಮೊದಲ ಆಜ್ಞೆ ‘ಎಲ್‌ಎಸ್‌ಪಿಸಿಐ -ಕೆ’. ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ‘ವಿಜಿಎ ಕಂಪ್ಯಾಟಿಬಲ್ ಕಂಟ್ರೋಲರ್’ ಅಥವಾ ‘3ಡಿ ಕಂಟ್ರೋಲರ್’ ಎಂದಿರುವ ಸಾಲು ಹುಡುಕಿ, ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಮುಂದೆ ಏನಿದೆ ನೋಡಿ. ಆ ಸಾಲೇ ಇಲ್ಲದಿದ್ದರೆ ಯಾವ ಮಾಡ್ಯೂಲೂ ಕಾರ್ಡನ್ನು ಹಿಡಿದಿಲ್ಲ. ಎನ್‌ವಿಡಿಯಾ ಡ್ರೈವರ್ ಹಾಕಿದ್ದೀರಿ, ಆದರೆ ಅಲ್ಲಿ ನೂವೋ ಎಂದಿದೆ ಎಂದರೆ ನೀವು ಹಾಕಿದ್ದು ಏರಿಲ್ಲ.

ಎರಡನೆಯದು ‘ಜರ್ನಲ್‌ಸಿಟಿಎಲ್ -ಕೆ -ಬಿ -1’. ಕಪ್ಪಾಗಿ ನಿಂತ ಹಿಂದಿನ ಬೂಟ್‌ನಲ್ಲಿ ಕರ್ನಲ್ ಏನು ಹೇಳಿತ್ತು ಎಂಬುದು ಇದರಲ್ಲಿ ಬರುತ್ತದೆ. ‘ಡೈರೆಕ್ಟ್ ಫರ್ಮ್‌ವೇರ್ ಲೋಡ್’ ಸೋತು ಕೊನೆಗೆ ‘ಎರರ್ -2’ ಎಂದಿದ್ದರೆ ಫರ್ಮ್‌ವೇರ್ ಫೈಲೇ ಡಿಸ್ಕಿನಲ್ಲಿಲ್ಲ. ಎಎಂಡಿ ಯಂತ್ರಗಳಲ್ಲಿ ಇದು ಸಾಮಾನ್ಯ. ಉಬುಂಟು, ಮಿಂಟ್ ಎಂಬ ಲಿನಕ್ಸ್ ಬಗೆಗಳಲ್ಲಿ ‘ಲಿನಕ್ಸ್-ಫರ್ಮ್‌ವೇರ್’ ಪ್ಯಾಕೇಜ್ ಹಾಕಿದರೆ ಸಾಕು. ಡೆಬಿಯನ್‌ನಲ್ಲಿ 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಈ ಫೈಲುಗಳು ಇನ್‌ಸ್ಟಾಲ್ ಮಾಡುವ ಐಎಸ್‌ಒದಲ್ಲೇ ಇವೆ. ಅದಕ್ಕೂ ಹಿಂದಿನ ಪೆನ್‌ಡ್ರೈವ್ ಇಟ್ಟುಕೊಂಡವರಿಗೆ ಇವತ್ತಿಗೂ ಈ ತೊಂದರೆ ತಪ್ಪಿಲ್ಲ.

‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್’ ಎಂಬ ಸಾಲು ಕಂಡರೆ ದೋಷ ಸೆಕ್ಯೂರ್ ಬೂಟ್‌ನದು. ಅದಕ್ಕೆ ಮುಂದೆ ಬರೋಣ.

ಕರೆಂಟ್ ಹೋದಾಗ ಅರ್ಧಕ್ಕೆ ನಿಂತ ಅಪ್‌ಡೇಟ್

ನಮ್ಮ ಕಡೆಯ ಡೆಸ್ಕ್‌ಟಾಪ್‌ಗಳಲ್ಲಿ ಇದನ್ನು ಮೊದಲೇ ತಳ್ಳಿಹಾಕಿಕೊಳ್ಳಬೇಕು. ಯುಪಿಎಸ್ ಇಲ್ಲದ ಯಂತ್ರದಲ್ಲಿ ಹೊಸ ಕರ್ನಲ್ ಇಳಿಯುತ್ತಿರುವಾಗ ಕರೆಂಟ್ ಹೋದರೆ ಪ್ಯಾಕೇಜ್‌ಗಳು ಅರ್ಧ ಬಿಚ್ಚಿಕೊಂಡು, ಅರ್ಧ ಜೋಡಣೆಯಾಗದೆ ಉಳಿಯುತ್ತವೆ. ನೋಡಲು ಡ್ರೈವರ್ ದೋಷದಂತೆಯೇ ಇರುತ್ತದೆ. ಅಕ್ಷರದ ಪರದೆಯಲ್ಲಿ ಈ ಕ್ರಮ ಹಿಡಿಯಿರಿ: ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ಆಮೇಲೆ ‘ಸುಡೊ ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’, ಆಮೇಲೆ ‘ಸುಡೊ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು -ಕೆ ಆಲ್’, ಕೊನೆಗೆ ‘ಸುಡೊ ಅಪ್‌ಡೇಟ್-ಗ್ರಬ್’. ಮೂರನೆಯದು ಕರ್ನಲ್ ಏಳುವಾಗ ಮೊದಲು ಓದುವ ಚಿಕ್ಕ ಫೈಲ್ ಕಟ್ಟನ್ನು ಹೊಸದಾಗಿ ಕಟ್ಟುತ್ತದೆ. ಕರೆಂಟ್ ಹೋದಾಗ ಹೆಚ್ಚಾಗಿ ಹಾಳಾಗುವುದು ಅದೇ.

ಜೊತೆಗೆ ‘ಡಿಎಫ್ -ಎಚ್’ ಕೊಟ್ಟು ಬೂಟ್ ವಿಭಾಗ ಮತ್ತು ರೂಟ್ ವಿಭಾಗ ತುಂಬಿವೆಯೇ ನೋಡಿ. 100 ಪರ್ಸೆಂಟ್ ತುಂಬಿದ್ದರೆ ಆ ಫೈಲ್ ಕಟ್ಟು ಬರೆಯಲು ಜಾಗವೇ ಇರುವುದಿಲ್ಲ. ‘ಸುಡೊ ಎಪಿಟಿ ಆಟೋರಿಮೂವ್’ ಹಳೇ ಕರ್ನಲ್‌ಗಳನ್ನು ತೆಗೆದು ಜಾಗ ಬಿಡಿಸುತ್ತದೆ.

ಎನ್‌ವಿಡಿಯಾ: ಹೆಚ್ಚು ತೊಡಕು ಇಲ್ಲಿಯೇ

ಇಂಟೆಲ್, ಎಎಂಡಿ ಮಾಡ್ಯೂಲ್‌ಗಳು ಕರ್ನಲ್ ಜೊತೆಗೇ ಬರುತ್ತವೆ. ಎನ್‌ವಿಡಿಯಾ ಕಂಪನಿಯ ಮಾಡ್ಯೂಲ್ ಹೊರಗಿನಿಂದ ಬಂದು ಸೇರಬೇಕು. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಅದು ಒಂದು ಕರ್ನಲ್‌ಗೆ ಮಾತ್ರ ಹೊಂದುತ್ತದೆ. ಕರ್ನಲ್ ಬದಲಾದಾಗಲೆಲ್ಲ ಮತ್ತೆ ತಯಾರಾಗಬೇಕು. ಆ ಕೆಲಸ ಡಿಕೆಎಂಎಸ್ ಎಂಬ ವ್ಯವಸ್ಥೆಯದು. ಅದಕ್ಕೆ ಹೊಸ ಕರ್ನಲ್‌ನ ಹೆಡರ್ ಫೈಲುಗಳೂ ಜಿಸಿಸಿ ಕಂಪೈಲರೂ ಬೇಕು. ಹೆಡರ್ ಇಲ್ಲದಿದ್ದರೆ ಕೆಲಸ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಅಪ್‌ಡೇಟ್ ‘ಮುಗಿಯಿತು’ ಎನ್ನುತ್ತದೆ, ರೀಬೂಟ್ ಮಾಡಿದಾಗ ಪರದೆ ಕಪ್ಪು.

‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟು ನೋಡಿ. ಪ್ರತಿ ಕರ್ನಲ್ ಮುಂದೆ ‘ಇನ್‌ಸ್ಟಾಲ್ಡ್’ ಎಂದಿರಬೇಕು. ಹೊಸ ಕರ್ನಲ್‌ನ ಸಾಲೇ ಇಲ್ಲದಿದ್ದರೆ ‘ಲಿನಕ್ಸ್-ಹೆಡರ್ಸ್-ಜೆನೆರಿಕ್’ ಪ್ಯಾಕೇಜ್ ಹಾಕಿ, ‘ಸುಡೊ ಡಿಕೆಎಂಎಸ್ ಆಟೋಇನ್‌ಸ್ಟಾಲ್’ ಕೊಡಿ. ಆದರೂ ಸೋತರೆ ವಾರ್ ಫೋಲ್ಡರಿನ ಲಿಬ್, ಅದರೊಳಗೆ ಡಿಕೆಎಂಎಸ್, ಅದರೊಳಗೆ ಎನ್‌ವಿಡಿಯಾ, ಆವೃತ್ತಿ ಸಂಖ್ಯೆ, ಬಿಲ್ಡ್ ಎಂದು ಇಳಿದರೆ ‘ಮೇಕ್ ಡಾಟ್ ಲಾಗ್’ ಸಿಗುತ್ತದೆ. ಅದರಲ್ಲಿ ‘ಎರರ್’ ಎಂದಿರುವ ಮೊದಲ ಸಾಲು ಮುಖ್ಯ, ಕೊನೆಯದಲ್ಲ. ಯಾವುದೋ ಫಂಕ್ಷನ್ ಇಲ್ಲ ಅಥವಾ ಅದರ ರೂಪ ಬದಲಾಗಿದೆ ಎಂದಿದ್ದರೆ ಡ್ರೈವರ್ ಹಳೆಯದು, ಕರ್ನಲ್ ಹೊಸದು. ಆಗ ಹೊಸ ಡ್ರೈವರ್ ಸರಣಿಗೆ ಹೋಗಬೇಕು, ಇಲ್ಲವೇ ಹಳೇ ಕರ್ನಲ್‌ನಲ್ಲೇ ಇರಬೇಕು.

ಹೊಸ ಸರಣಿ ಎಲ್ಲ ಕಾರ್ಡಿಗೂ ಆಗುವುದಿಲ್ಲ. 900 ಮತ್ತು 1000 ಸರಣಿಯ ಜಿಟಿಎಕ್ಸ್ ಕಾರ್ಡುಗಳಿಗೆ 580 ಕೊನೆಯ ಡ್ರೈವರ್ ಸರಣಿ. 600, 700 ಸರಣಿಯ ಕೆಪ್ಲರ್ ಪೀಳಿಗೆಯ ಕಾರ್ಡುಗಳಿಗೆ 470. ಅದರ ಬೆಂಬಲ 2024ರಲ್ಲಿ ನಿಂತಿದೆ. ಅದಕ್ಕೂ ಹಳೆಯ ಫರ್ಮಿ ಕಾರ್ಡುಗಳಿಗೆ 390. ಅದು 2022ರ ಕೊನೆಗೇ ಮುಗಿಯಿತು. ಇದಕ್ಕೆ ವಿರುದ್ಧ ತುದಿಯಲ್ಲಿ ಆರ್‌ಟಿಎಕ್ಸ್ 50 ಸರಣಿ ಇದೆ. ಅದಕ್ಕೆ 2022ರ ಮೇನಲ್ಲಿ ಎನ್‌ವಿಡಿಯಾ ಮುಕ್ತಗೊಳಿಸಿದ ಕರ್ನಲ್ ಮಾಡ್ಯೂಲ್‌ನ ವಂಶದ್ದೇ ಬೇಕು, ಅಂದರೆ ಪ್ಯಾಕೇಜ್ ಹೆಸರಿನ ಕೊನೆಗೆ ‘ಓಪನ್’ ಎಂದಿರುವುದು. ಅದನ್ನೇ 1000 ಸರಣಿಯ ಕಾರ್ಡಿಗೆ ಹಾಕಿದರೆ ಕಾರ್ಡ್ ಏಳುವುದೇ ಇಲ್ಲ.

ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳಲ್ಲಿ ಸಿಗುವ ಜಿಟಿ 730 ಕಾರ್ಡನ್ನು ಹತ್ತಿರದಿಂದ ನೋಡಬೇಕು. ಒಂದೇ ಹೆಸರಿನಲ್ಲಿ ಎರಡು ಬೇರೆ ಚಿಪ್‌ಗಳು ಮಾರಾಟವಾಗಿವೆ. ಡಬ್ಬಿಯ ಮೇಲೂ ಕಾರ್ಡಿನ ಮೇಲೂ ಜಿಟಿ 730 ಎಂದೇ ಇರುತ್ತದೆ. ‘ಎಲ್‌ಎಸ್‌ಪಿಸಿಐ’ ಪಟ್ಟಿಯಲ್ಲಿ ಮಾತ್ರ ಗುಟ್ಟು ಬಯಲಾಗುತ್ತದೆ: ಜಿಕೆ208 ಎಂದಿದ್ದರೆ ಕೆಪ್ಲರ್, 470 ನಡೆಯುತ್ತದೆ, ಜಿಎಫ್108 ಎಂದಿದ್ದರೆ ಫರ್ಮಿ, 390 ಬಿಟ್ಟರೆ ಬೇರೆ ಇಲ್ಲ. ಗೆಳೆಯನ ಜಿಟಿ 730ಗೆ ನಡೆದ ಡ್ರೈವರ್ ನಿಮ್ಮದಕ್ಕೆ ನಡೆಯದೇ ಇರುವುದು ಇದಕ್ಕೇ. ಫರ್ಮಿಯಾಗಿದ್ದರೆ ಕಂಪನಿಯ ಡ್ರೈವರ್ ಆಸೆ ಬಿಟ್ಟು ನೂವೋದಲ್ಲೇ ಇರುವುದು ಮೇಲು. ಇನ್ನೂ ನೇರವಾದ ದಾರಿ, ಆ ಕಾರ್ಡನ್ನೇ ಕಿತ್ತು ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗೆ ಹಚ್ಚುವುದು. ಇಂಟೆಲ್ ಐ3, ಐ5 ಒಳಗಿನ ಗ್ರಾಫಿಕ್ಸ್ ಬ್ರೌಸರ್, ಟೈಪಿಂಗ್, ವಿಡಿಯೊ ಪಾಠಗಳಿಗೆ ಸಾಕಾಗುತ್ತದೆ, ಅಪ್‌ಡೇಟ್‌ಗೂ ಹೆದರಬೇಕಿಲ್ಲ.

ಡ್ರೈವರ್ ಹಾಕುವುದಾದರೆ ಎನ್‌ವಿಡಿಯಾ ಜಾಲತಾಣದ ‘ರನ್’ ಫೈಲ್ ಬೇಡವೇ ಬೇಡ. ಅದು ಪ್ಯಾಕೇಜ್ ವ್ಯವಸ್ಥೆಗೆ ಹೇಳದೆ ಲೈಬ್ರರಿಗಳನ್ನು ಬದಲಿಸುತ್ತದೆ, ಆಮೇಲೆ ಬರುವ ಅಪ್‌ಡೇಟ್ ಅದರ ಮೇಲೆ ಬಂದು ಕೂರುತ್ತದೆ. ಈಗಾಗಲೇ ಹಾಕಿದ್ದರೆ ‘ಸುಡೊ ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್’ ಕೊಟ್ಟು ತೆಗೆಯಿರಿ. ಪ್ಯಾಕೇಜ್ ಮೂಲಕ ಹಾಕಿದ್ದು ಕಲಸುಮೇಲೋಗರವಾಗಿದ್ದರೆ ಎನ್‌ವಿಡಿಯಾ, ಲಿಬ್‌ಎನ್‌ವಿಡಿಯಾ ಹೆಸರಿನಿಂದ ಶುರುವಾಗುವ ಪ್ಯಾಕೇಜ್‌ಗಳನ್ನು ‘ಸುಡೊ ಎಪಿಟಿ ಪರ್ಜ್’ ಮಾಡಿ. ಒಪ್ಪಿಗೆಯ ವೈ ಒತ್ತುವ ಮೊದಲು ತೆಗೆಯಲಿರುವವುಗಳ ಪಟ್ಟಿ ಓದಿ. ಅದರಲ್ಲಿ ನಿಮ್ಮ ಡೆಸ್ಕ್‌ಟಾಪ್‌ನ ಹೆಸರಿದ್ದರೆ ನಿಲ್ಲಿಸಿ. ತೆಗೆದ ಮೇಲೆ ‘ಉಬುಂಟು-ಡ್ರೈವರ್ಸ್ ಡಿವೈಸಸ್’ ಕೊಟ್ಟರೆ ನಿಮ್ಮ ಕಾರ್ಡಿಗೆ ಹೊಂದುವ ಸರಣಿಗಳೂ, ಒಂದರ ಮುಂದೆ ‘ರೆಕಮೆಂಡೆಡ್’ ಎಂಬ ಗುರುತೂ ಬರುತ್ತವೆ. ‘ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್’ ಅದನ್ನೇ ಹಾಕುತ್ತದೆ. ಮಿಂಟ್‌ನಲ್ಲಿ ಇದೇ ಕೆಲಸಕ್ಕೆ ಡ್ರೈವರ್ ಮ್ಯಾನೇಜರ್ ಎಂಬ ಕಿಟಕಿ ಇದೆ.

‘ಎನ್‌ವಿಡಿಯಾ-ಎಸ್‌ಎಂಐ’ ಕೊಟ್ಟಾಗ ‘ವರ್ಷನ್ ಮಿಸ್‌ಮ್ಯಾಚ್’ ಎಂದರೆ ಗಾಬರಿ ಬೇಡ. ಅಪ್‌ಡೇಟ್ ಆದ ಮೇಲೆ ಲೈಬ್ರರಿ ಹೊಸದು, ಓಡುತ್ತಿರುವ ಮಾಡ್ಯೂಲ್ ಹಳೆಯದು. ರೀಬೂಟ್ ಮಾಡಿದರೆ ಮುಗಿಯಿತು.

ಹತ್ತು ಸೆಕೆಂಡಿನ ನೀಲಿ ಪರದೆ

ವಿಂಡೋಸ್ ಜೊತೆಗೆ ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್‌ಗಳಲ್ಲಿ ಸೆಕ್ಯೂರ್ ಬೂಟ್ ಚಾಲೂ ಇರುತ್ತದೆ. ‘ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಕೊಟ್ಟರೆ ಗೊತ್ತಾಗುತ್ತದೆ. ಚಾಲೂ ಇದ್ದಾಗ, ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ನಿಮ್ಮ ಯಂತ್ರದಲ್ಲೇ ತಯಾರಾದ ಮಾಡ್ಯೂಲ್‌ಗೆ ನಿಮ್ಮದೇ ಕೀಲಿಯ ಸಹಿ ಬೀಳುತ್ತದೆ. ಆ ಕೀಲಿಯನ್ನು ಯಂತ್ರದ ಫರ್ಮ್‌ವೇರ್‌ಗೆ ಪರಿಚಯಿಸಬೇಕು. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುವುದು ಇದಕ್ಕೆ. ರೀಬೂಟ್ ಆದಾಗ ನೀಲಿ ಪರದೆ ಬಂದು, ಯಾವುದಾದರೂ ಕೀ ಒತ್ತಿ ಎಂದು ಹತ್ತು ಸೆಕೆಂಡ್ ಎಣಿಸುತ್ತದೆ. ಬಹಳ ಮಂದಿ ಅದೇನೋ ಎರರ್ ಎಂದು ಸುಮ್ಮನೆ ಬಿಡುತ್ತಾರೆ, ಅವಕಾಶ ತಪ್ಪುತ್ತದೆ, ಡ್ರೈವರ್ ಏರುವುದಿಲ್ಲ. ಕೀ ಒತ್ತಿ, ‘ಎನ್ರೋಲ್ ಮೋಕ್’, ‘ಕಂಟಿನ್ಯೂ’, ‘ಯೆಸ್’ ಎಂದು ಮುಂದೆ ಹೋಗಿ ಅದೇ ಪಾಸ್‌ವರ್ಡ್ ಕೊಡಿ. ಟೈಪ್ ಮಾಡಿದ ಅಕ್ಷರ ಕಾಣುವುದಿಲ್ಲ, ಕೀಬೋರ್ಡ್ ಅಮೆರಿಕನ್ ಇಂಗ್ಲಿಷ್ ವಿನ್ಯಾಸದಲ್ಲಿರುತ್ತದೆ. ಆದ್ದರಿಂದ ಚಿಹ್ನೆಗಳಿಲ್ಲದ ಸರಳ ಎಂಟು ಅಕ್ಷರ ಇಟ್ಟುಕೊಳ್ಳಿ. ತಪ್ಪಿಹೋಗಿದ್ದರೆ ಉಬುಂಟು, ಮಿಂಟ್‌ನಲ್ಲಿ ‘ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್ರೋಲ್-ಕೀ’ ಕೊಟ್ಟರೆ ಮತ್ತೆ ಕೇಳುತ್ತದೆ.

ಪ್ರೊಜೆಕ್ಟರ್ ಮಾತ್ರ ಬರುತ್ತಿಲ್ಲ ಎಂದರೆ

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಪರದೆ ಇಂಟೆಲ್‌ಗೆ ಸೇರಿದ್ದರೂ ಎಚ್‌ಡಿಎಂಐ ಕಿಂಡಿ ಅನೇಕ ಮಾದರಿಗಳಲ್ಲಿ ನೇರ ಎನ್‌ವಿಡಿಯಾಗೆ ಹೋಗಿರುತ್ತದೆ. ಬ್ಯಾಟರಿ ಉಳಿಯಲೆಂದು ‘ಪ್ರೈಮ್-ಸೆಲೆಕ್ಟ್ ಇಂಟೆಲ್’ ಮಾಡಿಟ್ಟವರಿಗೆ ಪ್ರಾಜೆಕ್ಟ್ ವೈವಾ ದಿನ ಪ್ರೊಜೆಕ್ಟರ್ ಕಾಣುವುದಿಲ್ಲ. ‘ಪ್ರೈಮ್-ಸೆಲೆಕ್ಟ್ ಕ್ವೆರಿ’ ಕೊಟ್ಟು ಈಗಿನ ಸ್ಥಿತಿ ನೋಡಿ, ‘ಸುಡೊ ಪ್ರೈಮ್-ಸೆಲೆಕ್ಟ್ ಆನ್-ಡಿಮ್ಯಾಂಡ್’ ಮಾಡಿ ರೀಬೂಟ್ ಮಾಡಿ.

ಡ್ರೈವರ್ ಅಲ್ಲದೇ ಇರುವುದು

ಲಾಗಿನ್ ಆಗಿ ಮತ್ತೆ ಲಾಗಿನ್‌ಗೇ ಬರುವುದಕ್ಕೆ ಹೋಮ್ ವಿಭಾಗ ತುಂಬಿರುವುದು ಒಂದು ಕಾರಣ. ಇನ್ನೊಂದು, ಯಾವಾಗಲೋ ಸುಡೊ ಹಚ್ಚಿ ಕಿಟಕಿ ಇರುವ ಪ್ರೋಗ್ರಾಂ ಓಡಿಸಿದ್ದರಿಂದ ನಿಮ್ಮ ಹೋಮ್ ಫೋಲ್ಡರಿನ ‘ಡಾಟ್ ಎಕ್ಸ್‌ಅಥಾರಿಟಿ’ ಫೈಲು (ಎಕ್ಸ್ ದೊಡ್ಡಕ್ಷರ) ರೂಟ್ ಎಂಬ ಮುಖ್ಯ ಬಳಕೆದಾರನ ಹೆಸರಿಗೆ ಹೋಗಿರುವುದು. ‘ಎಲ್‌ಎಸ್ -ಎಲ್‌ಎ’ ಕೊಟ್ಟು ನೋಡಿ, ‘ಸುಡೊ ಸಿಎಚ್‌ಓನ್’ ಮೂಲಕ ನಿಮ್ಮ ಹೆಸರಿಗೆ ತನ್ನಿ. ಹಿಂದೆ ಯಾರೋ ಬರೆದಿಟ್ಟ ‘ಎಕ್ಸ್‌ಆರ್ಗ್ ಡಾಟ್ ಕಾನ್ಫ್’ ಫೈಲು ಇಟಿಸಿ ಫೋಲ್ಡರಿನ ಎಕ್ಸ್11 (ಎಕ್ಸ್ ದೊಡ್ಡಕ್ಷರ) ಒಳಗೆ ಉಳಿದಿದ್ದರೆ ಅದರ ಹೆಸರು ಬದಲಿಸಿ. ಈಗಿನ ಯಂತ್ರಗಳಿಗೆ ಆ ಫೈಲು ಸಾಮಾನ್ಯವಾಗಿ ಬೇಕಿಲ್ಲ.

ರೆಸಲ್ಯೂಷನ್ 1024 ಗುಣಿಸು 768ಕ್ಕೆ ನಿಂತಿದ್ದು, ‘ಎಲ್‌ಎಸ್‌ಪಿಸಿಐ -ಕೆ’ಯಲ್ಲಿ ಡ್ರೈವರ್ ಸರಿಯಾಗಿದ್ದರೆ ಸಂಶಯ ಕೇಬಲಿನ ಮೇಲೆ. ಮಾನಿಟರ್ ತನ್ನ ಅಳತೆಯನ್ನು ಕೇಬಲಿನ ಮೂಲಕವೇ ತಿಳಿಸುತ್ತದೆ. ಅಗ್ಗದ ವಿಜಿಎ ಪರಿವರ್ತಕಗಳು ಆ ಮಾಹಿತಿಯನ್ನು ದಾಟಿಸದೇ ಇರುತ್ತವೆ. ಬೇರೆ ಕೇಬಲ್ ಹಚ್ಚಿ ನೋಡುವುದು ಮೊದಲ ಪರೀಕ್ಷೆ. ಕಾರ್ಡ್ ಇರುವ ಡೆಸ್ಕ್‌ಟಾಪ್‌ನಲ್ಲಿ ಕೇಬಲ್ ಕಾರ್ಡಿಗೇ ಹಚ್ಚಿದೆಯೇ, ಮದರ್‌ಬೋರ್ಡಿಗೋ ಎಂಬುದನ್ನೂ ನೋಡಿ.

ಇನ್ನು ಬೇಸಿಗೆ. ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಇರುವಾಗ, ಧೂಳು ಮೆತ್ತಿದ ಹೀಟ್‌ಸಿಂಕ್ ಚಿಪ್ಪನ್ನು ತಣ್ಣಗಿಡಲಾರದು. ‘ಸೆನ್ಸರ್ಸ್’ ಅಥವಾ ‘ಎನ್‌ವಿಡಿಯಾ-ಎಸ್‌ಎಂಐ’ ಕೊಟ್ಟು, ಕೆಲಸವಿಲ್ಲದೆ ಸುಮ್ಮನಿದ್ದಾಗಲೇ 70 ಡಿಗ್ರಿ ದಾಟಿದ್ದರೆ ಯಂತ್ರ ಬಿಚ್ಚಿ ಧೂಳು ತೆಗೆದು ಥರ್ಮಲ್ ಪೇಸ್ಟ್ ಬದಲಿಸಿ. ಜರ್ನಲ್‌ನಲ್ಲಿ ‘ಎಕ್ಸ್‌ಐಡಿ 79’ ಎಂದಿದ್ದು ಕಾರ್ಡ್ ಬಸ್‌ನಿಂದ ಕಳಚಿತು ಎಂಬ ಅರ್ಥದ ಸಾಲು ಕಂಡರೆ ಬಿಸಿಯಾಗುವಿಕೆ, ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಕೊಡುವ ಡಬ್ಬಿ), ಸ್ಲಾಟ್ ಮೂರನ್ನೂ ನೋಡಬೇಕು. ಪರದೆಯ ಮೇಲೆ ಬಣ್ಣದ ಚೌಕ, ಗೆರೆಗಳು ಬಯೋಸ್ ಪರದೆಯಲ್ಲೇ ಕಂಡರೆ ಡ್ರೈವರ್ ಇನ್ನೂ ಏರಿಯೇ ಇಲ್ಲ, ಕಾರ್ಡೇ ಹಾಳಾಗಿದೆ. ಅಂಥದ್ದಕ್ಕೆ ಎಷ್ಟು ಸಲ ಫಾರ್ಮ್ಯಾಟ್ ಹೊಡೆದರೂ ಪ್ರಯೋಜನವಿಲ್ಲ.

ಎಲ್ಲ ಸರಿಹೋದ ದಿನವೇ ಟೈಮ್‌ಶಿಫ್ಟ್ ಹಾಕಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮಿಂಟ್‌ನಲ್ಲಿ ಅದು ಮೊದಲೇ ಇರುತ್ತದೆ. ಮುಂದೆ ಪರದೆ ಕಪ್ಪಾದರೆ ಅಕ್ಷರದ ಪರದೆಯಿಂದ ‘ಸುಡೊ ಟೈಮ್‌ಶಿಫ್ಟ್ --ರಿಸ್ಟೋರ್’ ಕೊಟ್ಟು ಹಿಂದಿನ ಸ್ಥಿತಿಗೆ ಮರಳಬಹುದು, ಹೋಮ್ ಫೋಲ್ಡರಿನ ಫೈಲುಗಳನ್ನು ಅದು ಮುಟ್ಟದಂತೆ ಸೆಟ್ಟಿಂಗ್ ಇರುತ್ತದೆ. ಹಳೇ ಕರ್ನಲ್ ಒಂದನ್ನಾದರೂ ಡಿಸ್ಕಿನಲ್ಲಿ ಉಳಿಸಿಕೊಳ್ಳಿ. ಡೆಸ್ಕ್‌ಟಾಪ್ ಆದರೆ, ಯುಪಿಎಸ್ ಇಲ್ಲದ ಹೊತ್ತಿನಲ್ಲಿ ಕರ್ನಲ್ ಅಪ್‌ಡೇಟ್ ಶುರು ಮಾಡಬೇಡಿ.